ಅಂಕಿತವಿಲ್ಲದ ಪದ

ಹಾಡಿನ ವಿಷಯ ಬಂದರೆ ನಾನು ಜಗಳಗಂಟ. ಉಳಿದ ವಿಷಯಗಳಲ್ಲಿ ಸಾಧು ಮನುಷ್ಯ ಎಂದು ಹೆಂಡತಿಯೇ ಒಪ್ಪುತ್ತಾಳೆ. ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಮೊದಲು ಅಫಜಲಪುರದಲ್ಲಿ, ಆಮೇಲೆ ಆಳಂದದಲ್ಲಿ ಕಳೆದ ವರ್ಷಗಳಲ್ಲಿ ಬಡ್ತಿಗಾಗಲಿ ವರ್ಗಾವಣೆಗಾಗಲಿ ನಾನು ಯಾರ ಮುಂದೂ ದನಿ ಏರಿಸಿದವನಲ್ಲ. ಆದರೆ ಚಹಾದಂಗಡಿಯಲ್ಲಿ ಯಾರಾದರೂ ಹಳೆಯ ಪದಕ್ಕೆ ಕೀಬೋರ್ಡು ಹಚ್ಚಿದ ಕ್ಯಾಸೆಟ್ ಹಾಕಿದರೆ ಸಾಕು, ಕಪ್ಪು ಕೆಳಗಿಟ್ಟು ಭಾಷಣ ಶುರು ಮಾಡುತ್ತಿದ್ದೆ. ನಾನು ಹೇಳುವ ಪದ ಅಂದರೆ ಗೀಗೀ ಪದ. ಒಬ್ಬರು ಮುಂದೆ ನಿಂತು ಹಾಡುತ್ತಾರೆ, ಇನ್ನೊಬ್ಬರು ದಪ್ಪು ಬಡಿಯುತ್ತ ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ಒಂಟಿ ತಂತಿಯ ತುಂತುಣಿ ಒಂದು ಇದ್ದರೆ ಇರಲಿ, ಅದಕ್ಕಿಂತ ಹೆಚ್ಚಿನದು ಅನ್ನಕ್ಕೆ ಸಕ್ಕರೆ ಹಾಕಿದಂತೆ ಎಂಬುದು ನನ್ನ ಮತ. ಈಗಲೂ ಅದೇ ಮತ.

ನನಗೆ ಹುಚ್ಚು ಹಿಡಿಸಿದ ಜೋಡಿ ಒಂದಿತ್ತು. ಹಾಡುವವರು ಅಫಜಲಪುರದ ಕಡೆಯವರು. ಎತ್ತರದ ಆಳು, ರುಮಾಲು ಸುತ್ತಿ ನಿಂತರೆ ಬಾಯಿ ತೆರೆಯುವ ಮೊದಲೇ ಮಂದಿ ಒಲಿಯುತ್ತಿದ್ದರು. ದಪ್ಪಿನವರು ಜೇವರ್ಗಿ ತಾಲೂಕಿನ ಒಂದು ಹಳ್ಳಿಯವರು, ಒಕ್ಕಲುತನ ಮಾಡಿಕೊಂಡಿದ್ದವರು. ಕುಳ್ಳಗೆ, ಮಾತು ಕಡಿಮೆ. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಆ ಜೋಡಿ ಹಾಡುತ್ತಿದ್ದ ಪದಗಳನ್ನೆಲ್ಲ ಕಟ್ಟಿದವರು ಈ ಕಾಕಾನೇ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವರು. ಕುಂಟೆ ಹೊಡೆಯುತ್ತ ಪದ ಕಟ್ಟಿ, ಬರೆಯದೆ ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದರು.

ಹಾಗೆ ಬಾಯಲ್ಲಿರುವ ಪದ ಯಾರದು ಎಂದು ತಿಳಿಯುವುದಕ್ಕೆ ಇರುವುದು ಕಡೆಯ ನುಡಿ ಒಂದೇ. ಅದಕ್ಕೆ ಅಂಕಿತ ಎನ್ನುತ್ತಾರೆ. ಕಟ್ಟಿದವನ ಊರು, ಅವನ ಗುರು, ಅವನ ಹೆಸರು ಅದರಲ್ಲಿ ಬರುತ್ತವೆ. ಅಂಕಿತ ಬಂದಾಗ ಹಾಡುವವನು ಒಂದು ಕೈಯನ್ನು ದಪ್ಪಿಗೆ ಮುಟ್ಟಿಸಿ ಹಣೆಗೆ ಒತ್ತಿಕೊಳ್ಳುತ್ತಾನೆ. ಕೇಳುವವರು ಅಲ್ಲಿಯವರೆಗೆ ಏಳಬಾರದು. ಎದ್ದರೆ ಹಿರಿಯರು ಅಂಗಿ ಹಿಡಿದು ಕೂಡಿಸುತ್ತಿದ್ದರು. ಉಂಡ ಮನೆಯವರ ಹೆಸರು ಕೇಳದೆ ಹೋಗುತ್ತೀಯೇನು ಎಂದು ಬೈಯುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸೊಲ್ಲಾಪುರಕ್ಕೆ ಹೋಗಿ ಒಂದು ಟೇಪ್‌ರೆಕಾರ್ಡರ್ ತಂದಿದ್ದೆ. ಅದು ನನ್ನ ಕೈಗೆ ಬಂದದ್ದೇ ತಡ, ಅಲ್ಪನಿಗೆ ಐಶ್ವರ್ಯ ಬಂದ ಹಾಗಾಯಿತು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಊರಲ್ಲಿ ಉಳಿಯುವುದಿಲ್ಲ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆಗೆ ಎಡೆಯ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು, ಹೊತ್ತು ಇಳಿಯುವವರೆಗೆ ಅಲ್ಲೇ ಇರುತ್ತಾರೆ. ಆ ವರ್ಷ ಘತ್ತರಗಿ ದಾರಿಯ ಒಂದು ಜೋಳದ ಹೊಲಕ್ಕೆ ಈ ಜೋಡಿಯನ್ನು ಕರೆಸಿದ್ದರು. ನಾನು ಸೈಕಲ್ಲಿಗೆ ಟೇಪ್ ಕಟ್ಟಿಕೊಂಡು ಹೋದೆ. ಮಧ್ಯಾಹ್ನದ ಬಿಸಿಲಲ್ಲಿ, ಹೊಟ್ಟೆ ತುಂಬಿದ ಮಂದಿಯ ನಡುವೆ ಅವರು ಹಾಡಿದರು. ಅದರಷ್ಟು ಒಳ್ಳೆಯ ಹಾಡಿಕೆ ನಾನು ಮತ್ತೆ ಕೇಳಿಲ್ಲ.

ಕ್ಯಾಸೆಟ್ಟಿನ ಒಂದು ಮೈಗೆ ಅರ್ಧ ಗಂಟೆ. ನನ್ನ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್ಟು. ಎಷ್ಟು ಹೆಚ್ಚು ಪದ ಹಿಡಿಸಿದರೆ ಅಷ್ಟು ಲಾಭ ಎಂದು ಲೆಕ್ಕ ಹಾಕಿದೆ. ಅಂಕಿತದಲ್ಲಿ ಇರುವುದು ಅದೇ ಊರು, ಅದೇ ಗುರು. ಎಲ್ಲ ಪದಕ್ಕೂ ಒಂದೇ ವಿಳಾಸ, ಅದನ್ನು ಯಾಕೆ ಮತ್ತೆ ಮತ್ತೆ ತುಂಬಿಕೊಳ್ಳಬೇಕು ಎನಿಸಿತು. ಆದ್ದರಿಂದ ಕಡೆಯ ನುಡಿ ಶುರುವಾಗುವ ಹೊತ್ತಿಗೆ ಹೆಬ್ಬೆರಳಿನಿಂದ ಗುಂಡಿ ಒತ್ತಿ ನಿಲ್ಲಿಸಿದೆ. ಒಂದಕ್ಕಲ್ಲ, ಎಲ್ಲ ಪದಗಳಿಗೂ. ಎರಡು ಪದ ಹೆಚ್ಚು ಹಿಡಿದವು ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ.

ಅವುಗಳಲ್ಲಿ ಮಂದಿ ಮತ್ತೆ ಮತ್ತೆ ಕೇಳುತ್ತಿದ್ದದ್ದು ಎರೆ ನೆಲದ ಪದ. ಗೌಡ ಬಂದು ಈ ನೆಲ ನನ್ನದು ಅನ್ನುತ್ತಾನೆ, ತಲಾಟಿ ಬಂದು ನನ್ನ ದಫ್ತರದ್ದು ಅನ್ನುತ್ತಾನೆ, ಪುಢಾರಿ ಬಂದು ನಾನು ಕೊಡಿಸಿದ್ದು ಅನ್ನುತ್ತಾನೆ. ಒಬ್ಬೊಬ್ಬನ ಮಾತಿಗೂ ನೆಲ ಬಿರುಕು ಬಿಟ್ಟು ನಗುತ್ತದೆ. ಪುಢಾರಿಯ ನುಡಿಗೆ ಮಂದಿ ಸಿಳ್ಳೆ ಹೊಡೆಯುತ್ತಿದ್ದರು. ನನ್ನ ಟೇಪಿನಲ್ಲಿ ಪದ ಆ ಸಿಳ್ಳೆಗೇ ಮುಗಿಯುತ್ತಿತ್ತು.

ಎರಡು ಮೂರು ವರ್ಷಕ್ಕೆ ಜೋಡಿ ಮುರಿಯಿತು. ಚುನಾವಣೆಯಲ್ಲಿ ಒಂದು ಪಕ್ಷದವರು ಹಾಡುವವರನ್ನು ಜೀಪು ಹತ್ತಿಸಿದರು. ಕಾಕಾ ಹತ್ತಲಿಲ್ಲ. ದಪ್ಪು ಜೀಪು ಹತ್ತಂಗಿಲ್ಲ ಎಂದಷ್ಟೇ ಹೇಳಿ ಜೇವರ್ಗಿ ಬಸ್ಸು ಹಿಡಿದರಂತೆ. ಹಾಡುವವರು ಬೇರೆ ದಪ್ಪಿನವನನ್ನು ಹುಡುಕಿಕೊಂಡು ಎರೆ ನೆಲದ ಪದವನ್ನೇ ಹಾಡಿದರು. ಪುಢಾರಿಯ ನುಡಿ ತೆಗೆದು ಅಲ್ಲಿ ಉಮೇದುವಾರನ ಹೆಸರು ಹಾಕಿದ್ದರು. ಇದನ್ನು ಕೇಳಿ ಎದುರು ಪಕ್ಷದವರೂ ಅದೇ ಧಾಟಿ ಎತ್ತಿಕೊಂಡರು. ಅಫಜಲಪುರದ ಬಸ್‌ಸ್ಟ್ಯಾಂಡಿನ ಮುಂದೆ ಎರಡು ಜೀಪು ಒಂದರ ಹಿಂದೊಂದು ಅದೇ ಪದ ಹಾಡಿಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾಜಕಾರಣದ ಬಗ್ಗೆ ನನಗಿರುವ ತಿಳುವಳಿಕೆಯೆಲ್ಲ ಅಂದಿನದು. ಆಮೇಲೆ ಅದಕ್ಕೆ ಸೇರಿಸಬೇಕಾದದ್ದು ಏನೂ ಸಿಗಲಿಲ್ಲ.

ನನಗೆ ಆಳಂದಕ್ಕೆ ವರ್ಗವಾಯಿತು. ಅಲ್ಲಿ ಬಜಾರದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟುಕೊಂಡವನೊಬ್ಬ ನನ್ನ ಟೇಪು ಕೇಳಿ, ಒಂದು ಕಾಪಿ ತೆಗೆದುಕೊಳ್ಳುತ್ತೇನೆ ಎಂದ. ನಾನು ಉಬ್ಬಿಹೋದೆ, ಕೊಟ್ಟೆ. ಆ ಕಾಪಿಯ ಕಾಪಿ ಗಡಿಯ ಖಜೂರಿ ದಾಟಿ ಸೊಲ್ಲಾಪುರಕ್ಕೆ ಹೋಯಿತು. ಅಲ್ಲಿಯ ಒಂದು ಕಂಪನಿಯವರು ಕೀಬೋರ್ಡು, ಪ್ಯಾಡು ಹಚ್ಚಿ, ಹೊಲದ ಚಿತ್ರ ಹಾಕಿ ಹೊಸ ಕ್ಯಾಸೆಟ್ ಬಿಟ್ಟರು. ಮೇಲೆ ಹಾಡಿದವರ ಹೆಸರಿತ್ತು. ಸಾಹಿತ್ಯ ಎಂಬಲ್ಲಿ ‘ಜಾನಪದ’ ಎಂದಿತ್ತು. ಪದದಲ್ಲಿ ಹೆಸರಿಲ್ಲದಿದ್ದರೆ ಅವರಾದರೂ ಇನ್ನೇನು ಬರೆದಾರು? ಆದರೆ ನಾನು ಆಗ ಹಾಗೆ ಹೇಳಲಿಲ್ಲ. ಕಂಪನಿಯವರು ಪದದ ಕತ್ತು ಹಿಸುಕಿದರು, ಈ ಮರುಮುದ್ರಣದವರಿಗೆ ಕಿವಿಯೂ ಇಲ್ಲ ಕರುಳೂ ಇಲ್ಲ ಎಂದು ಕಂಡ ಕಂಡಲ್ಲಿ ಬೈದೆ. ಕ್ಯಾಸೆಟ್ಟು ಮದುವೆ ಮನೆ, ಟ್ರಾಕ್ಟರು, ಹೋಟೆಲು ಎನ್ನದೆ ಎಲ್ಲೆಲ್ಲೂ ಕೂಗಿತು.

ಒಂದು ರವಿವಾರ ಕಾಕಾ ನಮ್ಮ ಮನೆಗೆ ಬಂದರು. ಜೇವರ್ಗಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಮುಖ ತೊಳೆದು, ಹೆಂಡತಿ ಕೊಟ್ಟ ಸುಸಲಾ ತಿಂದು, ಚಹಾ ಕುಡಿದ ಮೇಲೆ ಮಾತೆತ್ತಿದರು.

“ಮಾಸ್ತರ್ರೇ, ನಮ್ಮೂರಾಗ ನನಗ ಜಾನಪದ ಕಾಕಾ ಅಂತ ಚಾಷ್ಟಿ ಮಾಡಾಕತ್ತಾರ. ಎರೆ ನೆಲದ ಪದ ನಾ ಕಟ್ಟೀನಿ ಅಂದ್ರ ನಗತಾರ. ಕ್ಯಾಸೆಟ್ಟಿನ ಮ್ಯಾಲ ಹಂಗ ಬರದಿಲ್ಲಲ್ಲ ಅಂತಾರ. ಜಾನಪದ ಅಂದ್ರ ಸತ್ತು ಹೋದವ್ರು ಕಟ್ಟಿದ್ದಲ್ಲೇನ್ರಿ? ನಾ ಇನ್ನಾ ಅದೀನಿ.”

“ಹೌದ್ರಿ ಕಾಕಾ,” ಎಂದೆ.

“ನೀವು ಅವತ್ತ ಹೊಲದಾಗ ಟೇಪ್ ಮಾಡೀರಿ. ಅದರಾಗ ನನ್ನ ಅಂಕಿತ ಇರಬೇಕಲ್ಲ. ಅದೊಂದು ಕೊಡ್ರಿ, ನಮ್ಮ ಕಟ್ಟಿ ಮ್ಯಾಲ ಕುಂತವ್ರಿಗಿ ಕೇಳಸ್ತೇನಿ. ಅಷ್ಟಾದ್ರ ಸಾಕು.”

ಟೇಪು ಅವರು ಕುಳಿತಿದ್ದ ಟ್ರಂಕಿನಲ್ಲೇ ಇತ್ತು. ಅದರ ಮೇಲೆ ಹೆಂಡತಿ ಚಾದರ ಹಾಸಿ ಅವರನ್ನು ಕೂಡಿಸಿದ್ದಳು. ಇದ್ದದ್ದು ಇದ್ದಂತೆ ಹೇಳಿದ್ದರೆ ಅವರು ಬಹುಶಃ ನಕ್ಕುಬಿಡುತ್ತಿದ್ದರು. ಆದರೆ ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಿದ ಬಾಯಿ ನನ್ನದು. ನನಗೆ ಹೇಳಲು ಆಗಲಿಲ್ಲ.

“ಆ ಟೇಪು ಮಶೀನಿನ್ಯಾಗ ಸಿಕ್ಕೊಂಡು ಹರದು ಹೋಯ್ತ್ರಿ ಕಾಕಾ,” ಎಂದೆ. “ಅಂಕಿತ ಇತ್ತು. ಸೊಲ್ಲಾಪುರದವ್ರು ಕತ್ತರಿಸಿ ಒಗದಾರ.”

ಅವರು, “ಮಶೀನಿಂದು ಯಾರಿಗಿ ಹೇಳೂದು ಬಿಡ್ರಿ,” ಎಂದು ಎದ್ದರು. ನಾನು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಅವರನ್ನು ಕಳಿಸಿ ಬಂದೆ. ಒಳಗೆ ಬಂದ ಮೇಲೆ ಹೆಂಡತಿ, “ಟೇಪ್ ಯಾವಾಗ ಹರೀತ್ರಿ?” ಎಂದು ಕೇಳಿದಳು. ನಾನು ಟ್ರಂಕಿನ ಮೇಲಿನ ಚಾದರ ಮಡಚತೊಡಗಿದೆ. ಸುಳ್ಳು ಹೇಳಿದ್ದಕ್ಕೆ ನನಗೆ ನಾಚಿಕೆಯಾಗಿತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಪಾರಾದೆ ಎನಿಸಿತ್ತು.

ತೊಂಬತ್ತರ ದಶಕ ಶುರುವಾದ ಮೇಲೆ ಮತ್ತೊಂದು ಚುನಾವಣೆ ಬಂತು. ಮುರಿದ ಜೋಡಿಯನ್ನು ಮತ್ತೆ ಕೂಡಿಸುತ್ತೇವೆ ಎಂದು ಹಾಡುವವರ ಪಕ್ಷದವರು ಗೋಡೆಗೆಲ್ಲ ಬರೆಸಿದರು. ಜೇವರ್ಗಿಯ ಸಂತೆ ಮೈದಾನದಲ್ಲಿ, ಮಧ್ಯಾಹ್ನ, ಮುಖಂಡರ ಭಾಷಣಕ್ಕೆ ಮೊದಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು; ಒಡೆದದ್ದನ್ನು ಅಂಟಿಸಿ ಮಾರುವ ಈ ಧಂದೆಗೆ ನಾನು ಹೋಗುವವನಲ್ಲ ಎಂದು ಚಹಾದಂಗಡಿಯಲ್ಲಿ ಸಾರಿದೆ. ಕಾಕಾ ಒಪ್ಪಿಕೊಂಡಿದ್ದಾರೆ ಎಂದು ತಿಳಿದಾಗ ನನಗೆ ಸಿಟ್ಟೇ ಬಂತು. ಜೀಪು ಹತ್ತದ ದಪ್ಪು ವೇದಿಕೆ ಹತ್ತುತ್ತದೆಯೇ ಎಂದು ಹಂಗಿಸಿದೆ.

ಆಮೇಲೆ ಕಾಕಾ ನನಗೊಂದು ಕಾರ್ಡು ಬರೆಸಿ ಹಾಕಿದರು. ಅದರಲ್ಲಿ ಇದ್ದದ್ದು ಇಷ್ಟೇ: ಕಾಕಾ ಹಣ ಬೇಡ ಎಂದಿದ್ದಾರೆ, ಒಂದೇ ಷರತ್ತು ಹಾಕಿದ್ದಾರೆ. ಎರೆ ನೆಲದ ಪದವನ್ನು ಅಂಕಿತದ ಸಮೇತ, ಮೈಕಿನಲ್ಲಿ, ತಮ್ಮ ಊರವರ ಮುಂದೆ ಪೂರ್ತಿ ಹಾಡಬೇಕು. ಹಾಡುವವರು ದಪ್ಪು ಮುಟ್ಟಿ ಮಾತು ಕೊಟ್ಟಿದ್ದಾರೆ. ‘ತಾವು ಬರಬೇಕು’ ಎಂದು ಕೊನೆಗೆ ಬರೆಸಿದ್ದರು. ಹೋಗದೆ ಇರಲು ನನಗೆ ಧೈರ್ಯವಾಗಲಿಲ್ಲ.

ಮೈದಾನ ತುಂಬಿತ್ತು. ಕಾಕಾನ ಊರವರು ಎರಡು ಟ್ರಾಕ್ಟರಿನಲ್ಲಿ ಬಂದು ಮುಂದೆ ಕುಳಿತಿದ್ದರು. ಕಾಕಾ ನನ್ನನ್ನು ಕಂಡು, ಕೈ ಮಾಡಿ ಮುಂದಿನ ಸಾಲಿಗೆ ಕರೆಸಿ ಕೂಡಿಸಿದರು. ಹಾಡುವವರ ರುಮಾಲಿನ ಕೆಳಗೆ ಕೂದಲು ಬೆಳ್ಳಗಾಗಿತ್ತು, ದನಿ ಮೇಲೆ ಏರುತ್ತಿರಲಿಲ್ಲ. ಎರಡು ಪದ ಹಾಗೂ ಹೀಗೂ ಹೋದವು. ಎರೆ ನೆಲದ ಪದ ಎತ್ತಿಕೊಂಡಾಗ ಮಾತ್ರ ಅವರಿಬ್ಬರಿಗೂ ಏನೋ ಆಯಿತು. ದಪ್ಪು ದನಿಯನ್ನು ಎತ್ತಿ ಹಿಡಿಯಿತು, ದನಿ ದಪ್ಪಿನ ಮೇಲೆ ಕುಳಿತಿತು. ನನ್ನ ಮತಗಳೆಲ್ಲ ಎಲ್ಲಿ ಹೋದವೋ. ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡುವುದಿಲ್ಲ. ಮುಖಂಡರು ಕುಳಿತಿದ್ದಂತೆಯೇ ಇವರು ಪುಢಾರಿಯ ನುಡಿಯನ್ನು ಮೊದಲಿದ್ದ ಹಾಗೆಯೇ ಹಾಡಿದರು. ಮಂದಿ ಸಿಳ್ಳೆ ಹೊಡೆದರು.

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಇಡೀ ಮೈದಾನದಲ್ಲಿ ಮೊದಲು ಎದ್ದವನು ನಾನು. ಅಷ್ಟು ವರ್ಷ ಆ ಟೇಪು ಕೇಳಿದ ಮೈ, ಪದ ಮುಗಿಯಿತು ಎಂದು ತಾನೇ ಎದ್ದಿತ್ತು. ಮಾಸ್ತರರು ಎದ್ದದ್ದನ್ನು ನೋಡಿ ಹಿಂದಿನವರು ಎದ್ದರು. ಕ್ಯಾಸೆಟ್ಟಿನಲ್ಲಿ ಅಷ್ಟೇ ಕೇಳಿದವರು ಅವರೂ. ಅಂಗಿ ಹಿಡಿದು ಕೂಡಿಸುವವರು ಯಾರೂ ಇರಲಿಲ್ಲ. ಮುಖಂಡರು ಹಾರ ಹಿಡಿದು ಮುಂದೆ ಬಂದರು. ಹಾಡುವವರು ಅಭ್ಯಾಸಬಲದಿಂದ ಕೈ ಮುಗಿದು ಕತ್ತು ಬಾಗಿಸಿದರು, ಮೈಕಿನವನು ಮೈಕು ಕಿತ್ತು ಭಾಷಣದ ಮೇಜಿಗೆ ಒಯ್ದ. ಕಾಕಾ ದಪ್ಪು ನಿಲ್ಲಿಸಿರಲಿಲ್ಲ. ಒಬ್ಬರೇ ಬಾಯಿ ತೆರೆದು ಏನೋ ಹಾಡುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ನನಗೂ ಅದು ಕೇಳಿಸಲಿಲ್ಲ.

ಭಾಷಣ ಮುಗಿದು ಮಂದಿ ಕರಗಿದ ಮೇಲೆ ಕಾಕಾ ವೇದಿಕೆಯ ಹಿಂದೆ ದಪ್ಪಿಗೆ ಬಟ್ಟೆ ಸುತ್ತುತ್ತ ಕುಳಿತಿದ್ದರು. ನಾನು ಹೋಗಿ ನಿಂತೆ. ಅವರು ತಲೆ ಎತ್ತಲಿಲ್ಲ.

“ನೀವು ಮೊದಲ ಎದ್ರಿ ಮಾಸ್ತರ್ರೇ.”

“ಹೌದ್ರಿ ಕಾಕಾ.”

“ಕಂಪನಿದು ಕೇಳಿದವ್ರು ಏಳಲಿ ಬಿಡ್ರಿ. ನೀವು ಅದನ್ನ ಕೇಳಂಗಿಲ್ಲ, ಬೈತೀರಿ ಅಂತ ಎಲ್ಲಾರಿಗೂ ಗೊತ್ತದ. ನೀವು ಕೇಳೂದು ನಿಮ್ಮ ಟೇಪು. ಅದೂ ಸಿಳ್ಳೆಗೇ ಮುಗೀತದ ಅಂದಂಗಾಯ್ತು.” ಬಟ್ಟೆಯ ಗಂಟು ಬಿಗಿ ಮಾಡಿದರು. “ಅದು ಹರದಿಲ್ಲಲ್ರಿ?”

“ಇಲ್ರಿ,” ಎಂದೆ.