ಅಳತೆಗೆ ಸರಿಯಾಗಿ ಕೂತ ವಾಚು

ಎರಡು ಸಾವಿರದ ಏಳರಲ್ಲಿ ಶೇರಿನ ಲಾಭ ಕೈಗೆ ಬಂದದ್ದೇ ತಡ, ಸ್ವಿಸ್ ವಾಚು ಕೊಳ್ಳಲು ಹೆಂಡತಿಯೊಡನೆ ಗೋವಾದ ಮಡಗಾಂವಿಗೆ ಹೋದೆ. ಹೊಸದಕ್ಕೆ ತಿಂಗಳು ಕಾಯಬೇಕೆಂದ ಬೆಳಗಾವಿ ಕಡೆಯ ಅಂಗಡಿಯವರು, ಯಾರೋ ತಿರುಗಿ ಮಾರಿದ್ದೊಂದನ್ನು ತೋರಿಸಿದರು. ಕಾಯುವ ತಾಳ್ಮೆ ನನಗೆಲ್ಲಿ? ಶೇರಿನ ಲಾಭದ ಬಡಾಯಿ ಕೊಚ್ಚುತ್ತಲೇ ಕಟ್ಟಿಕೊಂಡೆ. ಉಕ್ಕಿನ ಪಟ್ಟಿಯ ಒಂದು ಕೊಂಡಿಯನ್ನೂ ತೆಗೆಯಬೇಕಾಗಲಿಲ್ಲ. ನನ್ನ ಮಣಿಕಟ್ಟಿಗೇ ಮಾಡಿಸಿದಂತಿತ್ತು.

“ಇಷ್ಟ ಚಲೋ ವಾಚ್ ಯಾಕ ಮಾರಿದ್ರಂತ್ರಿ?” ಹೆಂಡತಿ ಅಂಗಡಿಯವರನ್ನು ಕೇಳಿದಳು.

“ತಗೊಳ್ಳುವಾಗ ಅವ್ರಿಗೂ ಶೇರಿನಾಗ ಭಾಳ ರೊಕ್ಕ ಬಂದಿತ್ರಿ, ಅಕ್ಕಾವ್ರ.”

ಅವಳು ನನ್ನ ತೋಳು ಹಿಡಿದಳು. “ಬ್ಯಾಡ್ರಿ, ಬಿಚ್ಚಿ ಕೊಡ್ರಿ.”

“ಅಂವಗ ತಲಿ ಇರಲಿಲ್ಲ, ನನಗೈತಿ,” ಎಂದು ಸಿಡುಕಿ ದುಡ್ಡು ಕೊಟ್ಟೆ.

ಬಾಗಿಲು ದಾಟುವಾಗ ಅಂಗಡಿಯವರು ಹಿಂದಿನಿಂದ ಕರೆದರು. “ಸರ್, ಡಬ್ಬಿ ಮರೆತ್ರಿ. ಜೋಪಾನ ಮಾಡ್ರಿ, ಡಬ್ಬಿ ಇದ್ರ ಮಾರೂಮುಂದ ರೇಟ್ ಚಲೋ ಬರ್ತೈತಿ. ಅವ್ರೂ ಜೋಪಾನ ಮಾಡಿದ್ರು.”