ಮಾವಠು ಬಂದ ಮದುವೆ

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನವರಿಗೆ ನಾನು ಉಪಗ್ರಹಗಳ ಕಚೇರಿಯಲ್ಲಿದ್ದೇನೆ ಎಂಬುದಷ್ಟೇ ಗೊತ್ತು. ನಾನು ಪರೀಕ್ಷಿಸುವುದು ಕ್ಯಾಮೆರಾದ ಮಸೂರಗಳನ್ನು. ಮೋಡಕ್ಕೂ ನನಗೂ ಸಂಬಂಧವಿಲ್ಲ. ಆದರೂ ಡಿಸೆಂಬರ್ ಬಂತೆಂದರೆ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಚಳಿ ಯಾವಾಗ ಶುರುವಾಗುತ್ತದೆ ಎಂದು ನನ್ನನ್ನೇ ಕೇಳುತ್ತಾರೆ. ಮುಂದಿನ ವಾರ ಎನ್ನುತ್ತೇನೆ. ಮುಂದಿನ ವಾರ ಎಲ್ಲರ ಮನೆಯಲ್ಲೂ ಫ್ಯಾನ್ ತಿರುಗುತ್ತಿರುತ್ತದೆ.

ಎರಡು ವರ್ಷದ ಹಿಂದೆ ಎದುರು ಮನೆಯವರು ಮಗಳ ಮದುವೆಯನ್ನು ಬಯಲಿನಲ್ಲಿ ಇಟ್ಟುಕೊಂಡಿದ್ದರು. ಚಳಿಗಾಲದಲ್ಲಿ ಹೇಳದೆ ಕೇಳದೆ ಸುರಿಯುವ ಮಳೆಗೆ ಇಲ್ಲಿ ಮಾವಠು ಎನ್ನುತ್ತಾರೆ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಸಿಕ್ಕ ಹುಡುಗಿಯ ತಂದೆ ಕೇಳಿದರು: "ಸಾಹೇಬ್, ಮಾವಠು ಬರುತ್ತಾ? ಮೇಲೆ ಹೊದಿಕೆ ಹಾಕಿಸಬೇಕಾ?"

ಮೂರು ಆ್ಯಪ್ ನೋಡಿ, ಸಹೋದ್ಯೋಗಿಯೊಬ್ಬರನ್ನೂ ಫೋನಿನಲ್ಲಿ ವಿಚಾರಿಸಿ, "ಬರಲ್ಲ" ಎಂದೆ.

ಪಕ್ಕದ ಬೆಂಚಿನಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಕೆಳಮನೆಯ ಅಜ್ಜಿ, ಎಲ್ಲರೂ ಗುಜರಾತಿಯಲ್ಲಿ 'ಬಾ', ಅಂದರೆ ಅಮ್ಮ, ಎಂದು ಕರೆಯುವವರು, ತಲೆಯೆತ್ತದೆ ಹೇಳಿದರು: "ಬರುತ್ತೆ. ಹಾಕಿಸು."

ಹುಡುಗಿಯ ತಂದೆ ನನ್ನ ಮಾತನ್ನೇ ನಂಬಿದರು.

ಮದುವೆಯ ದಿನ ಮಧ್ಯಾಹ್ನ ಮೊದಲು ಗಾಳಿ ಬಂತು, ಆಮೇಲೆ ದಪ್ಪ ಹನಿ. ಜನ ತಟ್ಟೆ ಹಿಡಿದು ಅಡುಗೆ ಶೆಡ್ಡಿಗೆ ಓಡಿದರು. ಅಗ್ನಿ ಆರಬಾರದೆಂದು ಎಲ್ಲಿಂದಲೋ ಟಾರ್ಪಾಲಿನ್ ತಂದರು. ಯಾರೂ ಹೇಳದಿದ್ದರೂ ಅದರ ಒಂದು ಮೂಲೆಯನ್ನು ನಾನೇ ಹಿಡಿದುಕೊಂಡೆ. ಇನ್ನೊಂದು ಮೂಲೆಯಲ್ಲಿ ನನ್ನ ಹೆಂಡತಿ, ಧಾರವಾಡದವಳು.

"ಗೊತ್ತಿಲ್ಲ ಅಂದಿದ್ರ ಆಗ್ತಿತ್ತಲ್ರೀ," ಎಂದಳು.

ಟಾರ್ಪಾಲಿನ್ ಕೆಳಗೆ ವಧೂವರರು ಬಗ್ಗಿಕೊಂಡೇ ಇಲ್ಲಿನ ಪದ್ಧತಿಯಂತೆ ಅಗ್ನಿಗೆ ನಾಲ್ಕು ಸುತ್ತು ಬಂದರು. ಹುಡುಗಿ ನಗು ತಡೆಯಲಾರದೆ ಎರಡು ಸಲ ನಿಂತಳು. ಅವಳು ನಕ್ಕಿದ್ದು ನೋಡಿ ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು.

ಆದರೆ ಬಾ ಅವರಿಗೆ ಹೇಗೆ ತಿಳಿಯಿತು? ಇರುವೆ ಸಾಲು ನೋಡಿದರೋ, ಗಾಳಿಯ ದಿಕ್ಕೋ? ಮರುದಿನವೇ ಅವರ ಮನೆಗೆ ಹೋಗಿ ಕೇಳಿದೆ.

"ಏನೂ ನೋಡಲಿಲ್ಲ ಬೇಟಾ. ಚಳಿಗಾಲದ ಮದುವೆ ಅಂದರೆ ಮಳೆ ಬರುತ್ತೆ ಅಂತಲೇ ಹೇಳ್ತೀನಿ. ಬರದಿದ್ದರೆ ಆ ಸಂಭ್ರಮದಲ್ಲಿ ನನ್ನ ಮಾತು ಯಾರಿಗೆ ನೆನಪಿರುತ್ತೆ?"

"ಇಲ್ಲಿವರೆಗೆ ಎಷ್ಟು ಸಲ ಬಂದಿದೆ?"

ಬಾ ಸ್ವಲ್ಪ ಯೋಚಿಸಿದರು. "ನಿನ್ನೆ ಬಂತಲ್ಲ, ಅದೇ ಮೊದಲು. ನನಗೂ ಗಾಬರಿಯಾಯಿತು."