ದಿನಕ್ಕೊಂದು ತರಕಾರಿಯ ಹೆಸರು

ಸಂಜೆಯ ಹೊತ್ತಿಗೆ ಅಕ್ಕನ ಬಲಗೈ ತೋರುಬೆರಳಿನ ತುದಿಯಲ್ಲಿ ಯಾರದಾದರೂ ಹಣೆಯ ಒಂದು ಟಿಕಳಿ ಅಂಟಿಕೊಂಡಿರುತ್ತಿತ್ತು. ಕೆಂಪು, ಕಪ್ಪು, ಕೆಲವೊಮ್ಮೆ ಹರಳಿನದು. ಘಾಟ್ಕೋಪರಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಅವರು ಕಲಿಸುತ್ತಿದ್ದರು. ಕಲಿಯಲು ಬಂದ ಹೆಂಗಸರು ತಪ್ಪಿದಾಗಲೆಲ್ಲ ಅವರ ಹುಬ್ಬುಗಳ ನಡುವೆ ಆ ಬೆರಳನ್ನು ಊರಿ, "ಮೊದಲು ಇದನ್ನು ಆನ್ ಮಾಡು, ಆಮೇಲೆ ಅದನ್ನು" ಎನ್ನುತ್ತಿದ್ದರು. ಬೆರಳು ತೆಗೆದಾಗ ಟಿಕಳಿಯೂ ಜೊತೆಗೆ ಬರುತ್ತಿತ್ತು. ಕುರ್ಲಾದ ನಮ್ಮ ವಠಾರಕ್ಕೆ, ಚಾಳಿಗೆ, ಬಂದು ಚಹಾದ ಲೋಟ ಹಿಡಿದಾಗಲೇ ಅದು ಅವರ ಕಣ್ಣಿಗೆ ಬೀಳುವುದು. "ಅಯ್ಯೋ ಪಾಪ, ಯಾರೋ ಬೋಳು ಹಣೆಯಲ್ಲಿ ಮನೆಗೆ ಹೋದಳು" ಎಂದು ಅದನ್ನು ತಮ್ಮ ಕನ್ನಡಿಗೆ ಅಂಟಿಸುತ್ತಿದ್ದರು. ಆ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಮುಖದ ತುಂಬ ಸಿಡುಬು ಎದ್ದವರ ಹಾಗೆ ಕಾಣುತ್ತಿದ್ದೆವು.

ಅಕ್ಕ ನಮ್ಮ ಪಕ್ಕದ ಖೋಲಿಯವರು. ಉಡುಪಿಯ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದವರು. ಗಂಡ ತೀರಿಕೊಂಡ ಮೇಲೂ ಊರಿಗೆ ಹೋಗದೆ, ಟೈಪಿಂಗ್ ಕಲಿಸಿಕೊಂಡು ಇಲ್ಲಿಯೇ ಉಳಿದರು. ಟೈಪಿಂಗ್ ಕ್ಲಾಸು ಕಂಪ್ಯೂಟರ್ ಕ್ಲಾಸಾದಾಗ ಯಂತ್ರಗಳ ಜೊತೆ ಅವರೂ ಬದಲಾದರು. ಅಲ್ಲಿಂದ ಮುಂದೆ ಲೋಕದಲ್ಲಿ ಕಂಪ್ಯೂಟರಿನಂತೆ ಕಾಣದ ವಸ್ತುವೇ ಅವರಿಗೆ ಉಳಿಯಲಿಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ, "ತಡಿ, ಡೌನ್‌ಲೋಡ್ ಆಗ್ತಾ ಉಂಟು." ಕೆಳಗಿನ ಮನೆಯ ಗಂಡ ಹೆಂಡತಿ ಮಾತು ಬಿಟ್ಟು ಕುಳಿತರೆ, "ಎರಡೂ ಹ್ಯಾಂಗ್ ಆಗಿವೆ, ಯಾರಾದರೂ ಹೋಗಿ ಚಹಾ ಕೊಡಿ." ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸು.

"ಮನಸ್ಸು ಅಂದ್ರೆ ಕಂಪ್ಯೂಟರ್, ಮಾರಾಯ್ತಿ. ಅದು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಹೇಳಿದ್ದನ್ನು ಮಾಡ್ತದೆ. ಯಾರು ಎಂತ ಹೇಳಿಟ್ಟಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ, ಅಷ್ಟೆ."

ನನಗೆ ಯಾರು ಏನು ಹೇಳಿಟ್ಟಿದ್ದರೆಂದು ಚೆನ್ನಾಗಿಯೇ ಗೊತ್ತಿತ್ತು. ನಾನು ವಿಜಯಪುರ ಜಿಲ್ಲೆಯ ಹಳ್ಳಿಯವಳು. ನಮ್ಮ ಮನೆಯಲ್ಲಿ ಒಲೆ ಆರಿಸುವಾಗ ಕಟ್ಟಿಗೆ ಹಿಂದೆಳೆದು ನೀರು ಚಿಮುಕಿಸುತ್ತಿದ್ದೆವು. ಅದು ಚುಂಯ್ ಎಂದು ತಾನಾಗಿಯೇ ಹೇಳುತ್ತಿತ್ತು, ಆರಿದೆನೆಂದು. ಗ್ಯಾಸು ಏನೂ ಹೇಳುವುದಿಲ್ಲ. ಮದುವೆಯಾಗಿ ಚಾಳಿಗೆ ಬಂದ ವಾರದಲ್ಲೇ ಎದುರು ಮನೆಯ ಮರಾಠಿ ಕಾಕು ನನ್ನನ್ನು ಕೂಡಿಸಿಕೊಂಡು, "ಒಂದು ಸಿಲಿಂಡರ್ ಹಾರಿತೋ, ಪೂರಾ ಚಾಳ್ ಖಲಾಸ್" ಎಂದು ಕೈಯೆತ್ತಿ ತೋರಿಸಿದ್ದರು. ನನ್ನ ತಲೆಯೊಳಗೆ ಆ ಎತ್ತಿದ ಕೈ ಮತ್ತೆ ಕೆಳಗಿಳಿಯಲೇ ಇಲ್ಲ, ಮೇಲೆಯೇ ನಿಂತುಬಿಟ್ಟಿತು.

ಮನೆಯಲ್ಲೇ ಇದ್ದಷ್ಟು ದಿನ ತೊಂದರೆಯಿರಲಿಲ್ಲ. ಪವಾಯಿಯಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಒಂದು ಪಾಳಣಾಘರದಲ್ಲಿ ಕೆಲಸ ಸಿಕ್ಕಿತು. ಆಫೀಸಿಗೆ ಹೋಗುವ ತಾಯಂದಿರು ಬೆಳಿಗ್ಗೆ ಕೂಸುಗಳನ್ನು ಬಿಟ್ಟು ಸಂಜೆ ಒಯ್ಯುತ್ತಾರೆ. ನನಗೆ ಆ ಕೆಲಸ ಬಹಳ ಇಷ್ಟ. ಹತ್ತನೆಯ ಇಯತ್ತೆ ಕಲಿತು ಮನೆಯಲ್ಲಿ ಕುಳಿತವಳಿಗೆ, ಯಾರೋ ಬಾಗಿಲಲ್ಲಿ ನನ್ನ ದಾರಿ ಕಾಯುತ್ತಾರೆ ಎಂಬುದೇ ದೊಡ್ಡದಾಗಿತ್ತು. ಕುರ್ಲಾದಿಂದ ಕಾಂಜೂರ್‌ಮಾರ್ಗದವರೆಗೆ ಲೋಕಲ್, ಅಲ್ಲಿಂದ ಬಸ್ಸು. ಆದರೆ ಮೊದಲ ಸ್ಟೇಷನ್ ವಿದ್ಯಾವಿಹಾರ ಬರುವಷ್ಟರಲ್ಲೇ ನನ್ನ ಎದೆಯಲ್ಲಿ ಸಿಲಿಂಡರ್ ಸೋರಲು ಶುರುವಾಗುತ್ತಿತ್ತು. ಬಂದ್ ಮಾಡಿದೆನೋ ಇಲ್ಲವೋ? ಇಳಿದು, ಸೇತುವೆ ಹತ್ತಿ, ಆ ಕಡೆಯ ಗಾಡಿ ಹಿಡಿದು ಕುರ್ಲಾಕ್ಕೆ ಓಡಿ ಬರುತ್ತಿದ್ದೆ. ಬಂದ್ ಇರುತ್ತಿತ್ತು. ಯಾವತ್ತೂ ಬಂದ್ ಇರುತ್ತಿತ್ತು.

ಗಂಡ ಪೇಂಟಿಂಗ್ ಕೆಲಸಕ್ಕೆ ನಸುಕಿನಲ್ಲೇ ಹೋಗುವವರು. "ಮೊಬೈಲ್‌ದಾಗ ಫೋಟೋ ಹೊಡಕೊಂಡು ಹೋಗಲೇ ಹುಚ್ಚಿ" ಎಂದರು. ಹೊಡೆದುಕೊಂಡೆ. ಫೋಟೋ ತೆಗೆದ ಮೇಲೆ ಸೆರಗು ತಗುಲಿ ರೆಗ್ಯುಲೇಟರ್ ತಿರುಗಿದ್ದರೆ ಎಂಬ ಯೋಚನೆ ಬಂತು. ವಿದ್ಯಾವಿಹಾರದಲ್ಲಿ ಮತ್ತೆ ಇಳಿದೆ. ಒಂದು ದಿನ ಗಂಡ ನನ್ನ ಫೋನು ನೋಡಿ, "ನಮ್ಮ ಮದುವಿದು ಒಂದ ಫೋಟೋ ಇಲ್ಲ. ಸಿಲಿಂಡರ್‌ದು ಮಾತ್ರ ಎಲ್ಲಾ ದಿಕ್ಕಿನಿಂದ ಅದಾವು. ಅದನ್ನ ಲಗ್ನ ಆಗಬೇಕಿತ್ತು ನೀ" ಎಂದರು.

ಪಾಳಣಾಘರದ ಮೇಡಂ ಒಳ್ಳೆಯವರು, ಆದರೆ ಅವರೂ ಎಷ್ಟು ತಾಳುತ್ತಾರೆ? ಕೂಸು ಎತ್ತಿಕೊಂಡ ತಾಯಂದಿರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿರುವಾಗ ನಾನು ಬೆವರು ಒರೆಸಿಕೊಳ್ಳುತ್ತ ಹೋಗುತ್ತಿದ್ದೆ. "ಇನ್ನೊಮ್ಮೆ ತಡವಾದರೆ ಬರಲೇಬೇಡ" ಎಂದು ಹಿಂದಿಯಲ್ಲಿ, ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಮರುದಿನ ಅಕ್ಕ ಅದೇ ಗಾಡಿಯಲ್ಲಿ, ಹೆಂಗಸರ ಡಬ್ಬಿಯಲ್ಲಿ ನನ್ನ ಪಕ್ಕವೇ ಇದ್ದರು. ವಿದ್ಯಾವಿಹಾರದಲ್ಲಿ ನಾನು ಇಳಿದಾಗ ಅವರೂ ಇಳಿದುಬಿಟ್ಟರು.

"ನೀವ್ಯಾಕ ಇಳದ್ರೀ ಅಕ್ಕಾ?"

"ದಿನಾ ಎಂತ ಮಾಡ್ತೀ ಅಂತ ನೋಡಬೇಕಲ್ಲ. ಪ್ರೋಗ್ರಾಮ್ ಓಡುವಾಗಲೇ ತಪ್ಪು ಸಿಗುವುದು. ನಡಿ."

ನಡೆದೆವು. ಬೀಗ ತೆಗೆದೆ. ಗ್ಯಾಸು ಬಂದ್ ಇತ್ತು. ನಾನು ರೆಗ್ಯುಲೇಟರನ್ನು ಒಮ್ಮೆ ಆನ್ ಮಾಡಿ, ಮತ್ತೆ ಬಂದ್ ಮಾಡಿ, ಇನ್ನೊಮ್ಮೆ ಆನ್, ಇನ್ನೊಮ್ಮೆ ಬಂದ್ ಎಂದು ತಿರುಗಿಸುತ್ತಲೇ ಇದ್ದೆ. ಅಕ್ಕ ಹಿಂದಿನಿಂದ ನನ್ನ ಕೈ ಹಿಡಿದರು.

"ಅಯ್ಯೋ ಮಾರಾಯ್ತಿ! ಮುಚ್ಚಿದೆಯಾ ಅಂತ ನೋಡ್ಲಿಕ್ಕೆ ತೆರೀತೀಯಲ್ಲ!"

"ತೆರದು ಮುಚ್ಚಿದ್ರ ಖಾತ್ರಿ ಆಗ್ತೈತ್ರಿ."

"ಮತ್ತೆ ಕಡೆಯ ಸಲ ತೆರೆದದ್ದಾ, ಮುಚ್ಚಿದ್ದಾ?"

ನನಗೆ ಗೊತ್ತಿರಲಿಲ್ಲ. ಅಕ್ಕ ಬಂದ್ ಮಾಡಿ, ಚಾಪೆಯ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆ ಹೊತ್ತಿಗೆ ನನಗೆ ಅಳು ಬಂದಿತ್ತು. ಆ ದಿನ ಮೇಡಂಗೆ ಅವರೇ ಫೋನ್ ಮಾಡಿ, "ನಾನು ಅವಳ ಅಕ್ಕ ಮಾತಾಡುವುದು. ಅವಳಿಗೆ ರಿಪೇರಿ ನಡೀತಾ ಉಂಟು. ಒಂದು ವಾರ ಬಿಡಿ" ಎಂದು ತಮ್ಮ ತುಳು ಹಿಂದಿಯಲ್ಲಿ ಹೇಳಿದರು. ಮೇಡಂಗೆ ಏನು ಅರ್ಥವಾಯಿತೋ, ಹೂಂ ಎಂದರಂತೆ.

ರಿಪೇರಿ ಸುಲಭವಾಗಿರಲಿಲ್ಲ. ಮೊದಲು ಡಿಲೀಟ್. ಕಣ್ಣು ಮುಚ್ಚಿ, ಹೆದರಿಕೆಯನ್ನು ಹಿಡಿದು, ಕಸದ ಡಬ್ಬಿಗೆ ಹಾಕಬೇಕು. ನಾನು ಹಾಕಿದೆ. "ಆ ಡಬ್ಬಿ ಯಾರು ಖಾಲಿ ಮಾಡ್ತಾರ್ರೀ?" ಎಂದು ಕೇಳಿದೆ. ಅಕ್ಕ, "ಒಳ್ಳೆ ಪ್ರಶ್ನೆ" ಎಂದರು. ಆಮೇಲೆ ರೀಸ್ಟಾರ್ಟ್. ಮೂಲೆಯಲ್ಲಿ ದೀಪ ಆರಿಸಿ ನನ್ನನ್ನು ಸುಮ್ಮನೆ ಮಲಗಿಸಿದರು. ನಿದ್ದೆ ಹತ್ತಿತು. ಎದ್ದಾಗ ಮೊದಲು ಕೇಳಿದ್ದೇ, "ಗ್ಯಾಸ್ ಬಂದ್ ಐತಿಲ್ಲೋ?"

ಇಷ್ಟೆಲ್ಲ ಆದರೂ ಅವರು ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಗಂಡ ಹುಚ್ಚಿ ಎನ್ನುತ್ತಿದ್ದರು, ನಾನೇ ನನಗೆ ಅದಕ್ಕಿಂತ ಕೆಟ್ಟದ್ದನ್ನು ಅಂದುಕೊಳ್ಳುತ್ತಿದ್ದೆ. ಅಕ್ಕ ಮಾತ್ರ, "ಬೈದ್ರೆ ಕಂಪ್ಯೂಟರ್ ಸಮ ಆಗ್ತದಾ? ಹೊಡೆದ್ರೆ? ಮತ್ತೆ ಮನಸ್ಸಿಗೆ ಯಾಕೆ ಬೈಯುವುದು? ಅದಕ್ಕೆ ಗೊತ್ತಾಗುವ ಹಾಗೆ ಹೇಳಬೇಕು" ಎನ್ನುತ್ತಿದ್ದರು.

ನನ್ನ ಫೋನಿನ ಸಿಲಿಂಡರ್ ಫೋಟೋಗಳನ್ನು ನೋಡುತ್ತ ಕುಳಿತಿದ್ದಾಗ ಅವರಿಗೆ ಥಟ್ಟನೆ ಹೊಳೆಯಿತು.

"ತಂಗಿ, ಇದೆಲ್ಲ ಒಂದೇ ಥರ ಉಂಟು. ಮನಸ್ಸಿನಲ್ಲೂ ದಿನಾ ಒಂದೇ ಹೆಸರಿನಲ್ಲಿ ಸೇವ್ ಮಾಡ್ತೀ. ನಿನ್ನೆಯದರ ಮೇಲೆ ಇವತ್ತಿನದು ಕೂತುಬಿಡ್ತದೆ. ಆಮೇಲೆ ಗಾಡಿಯಲ್ಲಿ ಕೂತು ಹುಡುಕಿದ್ರೆ ಎಲ್ಲಿ ಸಿಗ್ತದೆ? ದಿನಕ್ಕೊಂದು ಹೊಸ ಹೆಸರು ಕೊಡು."

"ಎಂಥಾ ಹೆಸರ್ರೀ?"

"ನಿನಗೆ ತೋಚಿದ್ದು. ಬಂದ್ ಮಾಡುವಾಗ ಇಲ್ಲಿ ಒತ್ತಿ, ಗಟ್ಟಿಯಾಗಿ ಹೇಳು." ನನ್ನ ಹುಬ್ಬುಗಳ ನಡುವೆ ಬೆರಳು ಊರಿದರು. "ಬೀಗ ಹಾಕುವಾಗ ಅದನ್ನೇ ಇನ್ನೊಮ್ಮೆ ಹೇಳು. ಗಟ್ಟಿಯಾಗಿ ಮಾರಾಯ್ತಿ, ಮನಸ್ಸಿಗೆ ಕಿವಿ ಸ್ವಲ್ಪ ಮಂದ."

ಮರುದಿನ ರೆಗ್ಯುಲೇಟರ್ ತಿರುಗಿಸಿ ನಿಂತಾಗ ನನಗೆ ಜಗತ್ತಿನ ಒಂದು ಮಾತೂ ತೋಚಲಿಲ್ಲ. ತರಕಾರಿ ಬುಟ್ಟಿ ಕಂಡಿತು. "ಹಾಗಲಕಾಯಿ!" ಎಂದು ಕೂಗಿದೆ. ಗ್ಯಾಲರಿಯಲ್ಲಿ ಬೀಗ ಹಾಕುತ್ತ ಹಣೆ ಒತ್ತಿಕೊಂಡು ಮತ್ತೆ, "ಹಾಗಲಕಾಯಿ!"

ವಿದ್ಯಾವಿಹಾರ ಬಂತು. ಎದೆ ಸೋರಲು ಶುರುವಾಯಿತು. ನಾನು ಬಾಗಿಲ ಕಡೆ ಸರಿದೆ.

"ಇವತ್ತು ಎಂತ?" ಎಂದರು ಅಕ್ಕ.

"ಹಾಗಲಕಾಯಿ."

"ನಿನ್ನೆ ಹಾಗಲಕಾಯಿ ಅಂದಿದ್ದಿಯಾ?"

"ಇಲ್ರಿ."

"ಮತ್ತೆ ಇದು ಎಲ್ಲಿಂದ ಬಂತು?"

ಇವತ್ತು ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದಾಗಿನಿಂದ ಬಂತು. ರೆಗ್ಯುಲೇಟರ್ ತಿರುಗಿದ್ದು, ಬುಟ್ಟಿಯಲ್ಲಿ ಹಸಿರು ಕಂಡದ್ದು, ಕೂಗಿದಾಗ ನನಗೇ ನಾಚಿಕೆಯಾದದ್ದು ಎಲ್ಲ ಒಟ್ಟಿಗೇ ನೆನಪಿಗೆ ಬಂತು. ಗಾಡಿ ಹೊರಟಿತು. ನಾನು ಇಳಿದಿರಲಿಲ್ಲ. ಪಕ್ಕದ ಗುಜರಾತಿ ಹೆಂಗಸಿಗೆ ಅಕ್ಕ, "ಪಾಸ್ ಹೋ ಗಯೀ" ಎಂದರು. ಯಾವ ಪರೀಕ್ಷೆ ಎಂದು ಕೇಳದೆ ಆಕೆ ನನ್ನ ಕೈ ಕುಲುಕಿದಳು. ಆ ದಿನ ಪವಾಯಿ ಮುಟ್ಟಿದಾಗ ಪಾಳಣಾಘರದ ಬಾಗಿಲು ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕಾಯುವ ಸುಖ ಅನುಭವಿಸಿದೆ.

ಬದನೆಕಾಯಿ, ಹೀರೇಕಾಯಿ, ಚವಳಿಕಾಯಿ, ನುಗ್ಗೆಕಾಯಿ. ನನ್ನ ಬೆಳಗಿನ ಕೂಗು ಚಾಳಿಗೆ ರೂಢಿಯಾಯಿತು. ಅಷ್ಟರಲ್ಲಿ ಕೆಳಗಿನ ಮಹಡಿಯ ಒಂದು ಮನೆಯ ಬೀಗ ಒಡೆದು ಕಳ್ಳತನವಾಯಿತು. ಮರುದಿನವೇ ಕಾಕು ನನ್ನ ಕೈ ಹಿಡಿದರು. ನಾನು ಬೀಗದ ಮುಂದೆ ಹಣೆ ಮುಟ್ಟಿಕೊಂಡು ಹೇಳುವುದು ಕನ್ನಡದ ಯಾವುದೋ ಮಂತ್ರ ಎಂದು ಅವರು ತಿಳಿದಿದ್ದರು. ದಿನಕ್ಕೊಂದು ಬೇರೆ ಮಂತ್ರ ಇರುವುದರಿಂದ ಅದು ಇನ್ನೂ ಶಕ್ತಿಯುಳ್ಳದ್ದು ಎಂದೂ.

"ವಹಿನಿ, ಮಾಝ್ಯಾ ಕುಲುಪಾಲಾ ಪಣ್ ಮ್ಹಣ್ ನಾ." ನನ್ನ ಬೀಗಕ್ಕೂ ಹೇಳೇ ಎಂದು ಬೇಡಿಕೊಂಡರು.

ಇಲ್ಲ ಎನ್ನಲು ನನಗೆ ಮರಾಠಿ ಸಾಲಲಿಲ್ಲ. ಅವರ ಬಾಗಿಲ ಮುಂದೆ ನಿಂತು, ಹಣೆ ಒತ್ತಿಕೊಂಡು, "ಕುಂಬಳಕಾಯಿ" ಎಂದೆ. ಕಾಕು ಕಣ್ಣು ಮುಚ್ಚಿ ಕೈ ಮುಗಿದರು. ಅಕ್ಕ ತಮ್ಮ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಗಾಡಿಯಲ್ಲಿ, "ನೀನೀಗ ಸರ್ವರ್ ಆದಿ ಮಾರಾಯ್ತಿ, ಇಡೀ ಚಾಳಿಗೆ ಒಂದೇ ಪಾಸ್‌ವರ್ಡ್" ಎಂದು ಘಾಟ್ಕೋಪರ್ ಬರುವವರೆಗೆ ನಕ್ಕರು.

"ಕಾಕುಗೆ ಖರೇ ಹೇಳಿಬಿಡ್ಲೇನ್ರಿ?"

"ಬೇಡ. ಅವಳ ಬೀಗಕ್ಕೆ ಎಂತ ಆಗ್ತದೋ ಗೊತ್ತಿಲ್ಲ. ಅವಳಿಗೆ ಮಧ್ಯಾಹ್ನ ನಿದ್ದೆ ಬರ್ತದೆ."

ಹೀಗೆ ಎಲ್ಲರ ಮನಸ್ಸನ್ನು ಸರಿಮಾಡಿದವರಿಗೆ ಒಂದು ಯಂತ್ರ ಮಾತ್ರ ಬಗ್ಗಲಿಲ್ಲ, ತಮ್ಮದು. ಅಕ್ಕನಿಗೆ ಸಕ್ಕರೆ ಕಾಯಿಲೆ. ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ಫರ್ಸಾಣದ, ಗುಜರಾತಿ ಕುರುಕಲು ತಿಂಡಿಯ ಅಂಗಡಿ, ಅಲ್ಲಿ ಬಿಸಿ ಜಿಲೇಬಿ. ಒಂದು ಸಂಜೆ ಅಲ್ಲಿ ಅವರನ್ನು ಹಿಡಿದೆ. ತುಟಿಯ ಮೇಲೆ ಪಾಕ ಹೊಳೆಯುತ್ತಿತ್ತು.

"ಅಕ್ಕಾ! ಇದೇನ್ರೀ?"

ಅವರು ಗಾಬರಿಯಾಗಲಿಲ್ಲ. "ಇದು ನಾನಲ್ಲ. ಗೆಸ್ಟ್ ಲಾಗಿನ್. ಮನೆಗೆ ಹೋಗುವಾಗ ಲಾಗ್ ಔಟ್ ಆಗ್ತದೆ. ನಿನಗೆ ಒಂದು ಬೇಕಾ?"

ನಾನೂ ನಕ್ಕು ಒಂದು ತಿಂದೆ. ಎಲ್ಲರೂ ನಗುತ್ತಿದ್ದೆವು. ಆ ಅತಿಥಿ ದಿನವೂ ಬರುತ್ತಿದ್ದಾನೆ ಎಂದು ನಮಗೆ ತಿಳಿದದ್ದು ಅವರ ಕಾಲಿನ ಗಾಯ ಮಾಯದೆ ಹೋದಾಗ. ಆಸ್ಪತ್ರೆಯಲ್ಲಿ ಹಾಸಿಗೆಯ ಮೇಲಿಂದಲೇ ನರ್ಸಿನ ಹಣೆಗೆ ಬೆರಳು ಚಾಚಿದ್ದರು. ನನ್ನನ್ನು ನೋಡಿ, "ನೀನು ಬೈಯಬೇಡ. ಸಾಫ್ಟ್‌ವೇರ್ ಒಳ್ಳೆಯದೇ ಇತ್ತು. ಡಬ್ಬಿ ಹಳೆಯದಾಯ್ತು" ಎಂದರು. ನಾನು ಬೈಯಲಿಲ್ಲ. ಅವರಿಂದಲೇ ಕಲಿತದ್ದು. ಬೈದಿದ್ದರೆ ಚೆನ್ನಾಗಿತ್ತೇನೋ ಎಂದು ಈಗ ಒಮ್ಮೊಮ್ಮೆ ಅನ್ನಿಸುತ್ತದೆ.

ಆ ಹೊತ್ತಿಗೆ ಪಾಳಣಾಘರದ ಬೀಗದ ಕೈ ನನ್ನ ಬಳಿಯೇ ಇರುತ್ತಿತ್ತು. ಬೆಳಿಗ್ಗೆ ತೆರೆಯುವವಳೂ ನಾನು, ಸಂಜೆ ಹಾಕುವವಳೂ ನಾನು. ಅಕ್ಕ ತೀರಿಕೊಂಡ ದಿನ ಮೇಡಂ ನಾಸಿಕ್‌ನಲ್ಲಿ ಒಂದು ಮದುವೆಗೆ ಹೋಗಿದ್ದರು. ಊಟ ಮಾಡಿಸಿ ಕೂಸುಗಳನ್ನು ಮಲಗಿಸಿದ್ದೆ. ಕಾಕು ಫೋನ್ ಮಾಡಿ, "ವಹಿನಿ, ತುಝೀ ಅಕ್ಕಾ ಗೇಲಿ" ಎಂದರು. ಅಕ್ಕ ಹೋದರೆಂದು ಮರಾಠಿಯಲ್ಲಿ ಕೇಳಿದ್ದರಿಂದ ಮೊದಲು ಅದು ಬೇರೆ ಯಾರದೋ ಸುದ್ದಿ ಎನ್ನಿಸಿತು.

ಎದ್ದು ಬಾಗಿಲವರೆಗೆ ಹೋದೆ. ಹಿಂದಿರುಗಿ ಓಡುವುದು ನನ್ನ ಕಾಲಿಗೆ ಗೊತ್ತಿದ್ದ ದಾರಿ. ಯಾವ ಕಾರಣವೂ ಇಲ್ಲದೆ ಎಷ್ಟು ಸಲ ಓಡಿದ್ದೆ. ಒಳಗೆ ಒಂದು ಕೂಸು ನಿದ್ದೆಯಲ್ಲಿ ಮಗ್ಗುಲಾಯಿತು. ಬಂದು ಅದರ ಪಕ್ಕದಲ್ಲಿ ಕುಳಿತೆ. ಎದ್ದವರಿಗೆ ಹಾಲು ಕೊಟ್ಟೆ, ಅಂಗಿ ಬದಲಿಸಿದೆ, ತಾಯಂದಿರು ಬಂದಂತೆ ಒಂದೊಂದನ್ನೇ ಕೈಗೆ ಕೊಟ್ಟೆ. ಕೊನೆಯ ಹುಡುಗಿಯ ತಂದೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದರು. ಅಲ್ಲಿಯವರೆಗೆ ಅವಳಿಗೆ ಬಸ್ಸುಗಳನ್ನು ತೋರಿಸುತ್ತ ಕಿಟಕಿಯಲ್ಲಿ ನಿಂತಿದ್ದೆ.

ಚಾಳಿಗೆ ಹೋದಾಗ ಎಲ್ಲ ಸಿದ್ಧವಾಗಿತ್ತು. ಅಕ್ಕನ ತಮ್ಮ ಬಂದಿದ್ದರು, ಶವ ಒಯ್ಯುವ ಗಾಡಿ ಕೆಳಗೆ ನಿಂತಿತ್ತು. ಕತ್ತಲಾಗುತ್ತದೆ ಎಂದು ಗಂಡಸರು ಅವಸರ ಮಾಡುತ್ತಿದ್ದರು. ಕಾಕು ಮೆಟ್ಟಿಲಿಗೆ ಅಡ್ಡ ಕುಳಿತು, ಪಾಳಣಾಘರದಿಂದ ಅವಳ ತಂಗಿ ಬರುವವರೆಗೆ ಎತ್ತಕೂಡದು ಎಂದು ಯಾರನ್ನೂ ಬಿಟ್ಟಿರಲಿಲ್ಲ.

ನಾನು ಅಕ್ಕನ ಕಿವಿಯ ಹತ್ತಿರ ಬಗ್ಗಿ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ತಡಾ ಆತ್ರೀ ಅಕ್ಕಾ. ಕೂಸುಗಳಿದ್ದವು. ಎಲ್ಲಾರನ್ನೂ ಅವರವರ ಕೈಯಾಗ ಕೊಟ್ಟು ಬಂದೀನಿ."